ಅಂಟು ಬಳಿದ ಹೀಟ್ ಸ್ಲೀವ್: ಮಾರಿಕಣಿವೆ ದೋಣಿಗೆ ಹಾಕಿ ನೋಡಿದ್ದು

ಹಿರಿಯೂರಿನಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಕೆಲಸ. ಟ್ರ್ಯಾಕ್ಟರ್, ಲಾರಿ ವೈರಿಂಗೇ ಜಾಸ್ತಿ. 2022ರಲ್ಲಿ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ ಡ್ಯಾಮ್, ಕೋಡಿ ಬಿತ್ತಲ್ಲ, ಆಮೇಲೆ ದೋಣಿ ಕೆಲಸವೂ ಬರತೊಡಗಿತು. 1933ರ ನಂತರ ಕೋಡಿ ಬಿದ್ದದ್ದು ಅದೇ ಮೊದಲು. ನಮ್ಮ ಬಯಲುಸೀಮೆಯಲ್ಲಿ ದೋಣಿ ವೈರಿಂಗ್ ಕಲಿಯುವ ಕಾಲ ಬರುತ್ತೆ ಅಂತ ಯಾರು ಅಂದುಕೊಂಡಿದ್ದರು?

ಮೀನು ಹಿಡಿಯುವವರ ಫೈಬರ್ ದೋಣಿಗಳು ಇವು. ಒಂದು 12 ವೋಲ್ಟ್ ಬ್ಯಾಟರಿ, ಒಂದು ಎಲ್‌ಇಡಿ ಲೈಟು, ತಳದಲ್ಲಿ ಸೇರಿದ ನೀರನ್ನು ಹೊರಗೆ ಎತ್ತುವ ಪುಟ್ಟ ಪಂಪು. ಅಷ್ಟೇ. ಬರುವ ದೂರೂ ಒಂದೇ: "ಅಣ್ಣಾ, ಬ್ಯಾಟರಿ ಫುಲ್ ಇದೆ, ಪಂಪು ಮಾತ್ರ ಅಳ್ತಾ ಅಳ್ತಾ ತಿರುಗುತ್ತೆ." ಮೀಟರ್ ಹಿಡಿದರೆ ಬ್ಯಾಟರಿ ಹತ್ತಿರ 12ರ ಮೇಲಿರುತ್ತೆ, ಪಂಪಿನ ಹತ್ತಿರ 10 ಕೂಡ ಇರಲ್ಲ. ಮಧ್ಯದ ಜಾಯಿಂಟು ನುಂಗುತ್ತಿದೆ. ಟೇಪು ಬಿಚ್ಚಿದರೆ ಒಳಗೆ ಹಸಿರು ಕಿಲುಬು.

ಅದಕ್ಕೆ ಮದ್ದು ಅಂತ ಚಿತ್ರದುರ್ಗದ ಎಲೆಕ್ಟ್ರಿಕಲ್ ಅಂಗಡಿಯೊಂದರಿಂದ ತಂದದ್ದು ಈ ಸ್ಲೀವ್. ಹೀಟ್ ಸ್ಲೀವ್ ಅಂದರೆ ವೈರ್ ಜಾಯಿಂಟಿನ ಮೇಲೆ ತೊಡಿಸಿ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ. ಇದು ಮಾಮೂಲಿಯದಲ್ಲ, ಒಳಗೋಡೆಗೆ ಅಂಟು ಬಳಿದದ್ದು. ಬಿಸಿ ಮಾಡಿದರೆ ಸ್ಲೀವ್ ಮೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ, ಅಂಟು ಕರಗಿ ಸಂದಿಗೆಲ್ಲ ಹರಿಯುತ್ತದೆ. ಮಾಮೂಲಿಯದು ಅರ್ಧಕ್ಕೆ ಕುಗ್ಗುತ್ತದೆ, ಅಂಟಿರಲ್ಲ. ಅದು ಶಾರ್ಟ್ ತಡೆಯುತ್ತದೆಯೇ ಹೊರತು ನೀರು ತಡೆಯಲ್ಲ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. "ಬೋರ್‌ವೆಲ್ ಮೋಟರ್ ಕೇಬಲ್ ನೂರಾರು ಅಡಿ ಆಳದ ನೀರಲ್ಲಿ ಟೇಪಿನ ಜಾಯಿಂಟ್ ಮೇಲೇ ವರ್ಷಗಟ್ಟಲೆ ನಿಲ್ಲುತ್ತೆ, ದೋಣಿಗೆ ಮಾತ್ರ ಯಾಕೆ ಈ ದುಬಾರಿ ಸ್ಲೀವ್?" ನ್ಯಾಯವಾದ ಪ್ರಶ್ನೆಯೇ. ಆದರೆ ಬೋರ್ ಜಾಯಿಂಟಿಗೆ ಒಳಗೆ ರಬ್ಬರ್ ಟೇಪ್ ಎಳೆದು ಸುತ್ತಿ, ಮೇಲೆ ಪಿವಿಸಿ ಟೇಪ್ ಹಾಕಿರುತ್ತಾರೆ. ಇಳಿಸಿದ ಮೇಲೆ ಅದು ಅಲ್ಲಾಡುವುದು ಕಡಿಮೆ, ಬಿಸಿಲು ಕಾಣಲ್ಲ. ದೋಣಿಯದು ಹಾಗಲ್ಲ. ಇಂಜಿನ್ ಅದುರುತ್ತದೆ. ಬೆಳಿಗ್ಗೆ ನೆನೆಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ಒಣಗುತ್ತದೆ, ಸಂಜೆ ಮತ್ತೆ ನೆನೆಯುತ್ತದೆ. ಬರೀ ಪಿವಿಸಿ ಟೇಪಿನ ಗೋಂದು ಈ ಬಿಸಿಲಿಗೆ ಕರಗಿ ಬಿಟ್ಟುಕೊಳ್ಳುತ್ತದೆ. ಜೊತೆಗೆ ಬ್ಯಾಟರಿಯದು ಡಿಸಿ ಕರೆಂಟು. ಜಾಯಿಂಟಿಗೆ ನೀರು ಹೊಕ್ಕಿತು ಅಂದರೆ ಲೀಕ್ ಆಗುವ ಕರೆಂಟು ಸದಾ ಒಂದೇ ದಿಕ್ಕಿಗೆ ಹರಿಯುತ್ತದೆ, ಪ್ಲಸ್ ಕಡೆಯ ತಾಮ್ರ ಬೇಗ ಸವೆದು ಹೋಗುತ್ತದೆ. ಪಂಪಿನ ಪ್ಲಸ್ ವೈರೇ ಮೊದಲು ತುಂಡಾಗುವುದು ಅದಕ್ಕೇ. ಸಿಹಿನೀರಿನಲ್ಲೇ ಹೀಗೆ. ಮಲ್ಪೆಯ ಉಪ್ಪುನೀರಿನವರ ಪಾಡು ನೀವೇ ಯೋಚಿಸಿ.

ಇನ್ನೊಂದು ವಿಷಯ ಜನಕ್ಕೆ ಗೊತ್ತಿರಲ್ಲ. ನೀರು ಜಾಯಿಂಟಿನಲ್ಲೇ ನಿಲ್ಲಲ್ಲ. ಎಳೆ ಎಳೆಯಾಗಿರುವ ವೈರಿನ ಒಳಗೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ, ಮೇಲಕ್ಕೆ ಹತ್ತುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊಸದರಂತೆ ಕಾಣುತ್ತೆ, ಸುಲಿದರೆ ಗೇಣುದ್ದ ತಾಮ್ರ ಕಪ್ಪಾಗಿರುತ್ತೆ. ಕಪ್ಪಾದ ತಾಮ್ರಕ್ಕೆ ಯಾವ ಸ್ಲೀವ್ ಹಾಕಿದರೂ ದಂಡ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಲೇಬೇಕು. ತವರ ಲೇಪಿಸಿದ ವೈರ್ ಸಿಕ್ಕರೆ ಇನ್ನೂ ಒಳ್ಳೆಯದು, ನಮ್ಮ ಕಡೆ ಅಂಗಡಿಯಲ್ಲಿ ಸುಲಭಕ್ಕೆ ಸಿಗಲ್ಲ.

ಸ್ಲೀವನ್ನು ಮೊದಲೇ ವೈರಿಗೆ ಪೋಣಿಸಿ, ತಾಮ್ರದ ಲಗ್‌ಗೆ (ಎರಡು ವೈರ್ ಸೇರಿಸುವ ಪುಟ್ಟ ಕೊಳವೆ) ಎರಡೂ ತುದಿ ಹಾಕಿ ಕ್ರಿಂಪಿಂಗ್ ಟೂಲ್‌ನಿಂದ ಒತ್ತಿ. ಬಲವಾಗಿ ಎಳೆದು ನೋಡಿ. ಬೆಸುಗೆಯೊಂದನ್ನೇ ನಂಬಬೇಡಿ. ಬೆಸುಗೆ ಹಾಕಿದ ಕಡೆ ವೈರ್ ಗಡುಸಾಗಿ, ಅದುರಿ ಅದುರಿ ಪಕ್ಕದಲ್ಲೇ ಮುರಿಯುತ್ತದೆ. ಆಮೇಲೆ ಹಾಟ್ ಏರ್ ಗನ್ನಿನಲ್ಲಿ ಮಧ್ಯದಿಂದ ತುದಿಗಳ ಕಡೆಗೆ ಬಿಸಿ ಮಾಡುತ್ತಾ ಹೋಗಿ. ಎರಡೂ ತುದಿಯಲ್ಲಿ ಅಂಟು ಸ್ವಲ್ಪ ಇಣುಕಿದರೆ ಮಾತ್ರ ಕೆಲಸ ಆಯಿತು ಅಂತ. ಲೈಟರ್‌ನಲ್ಲಿ ಮಾಡಿದರೆ ಹೊರಗೆ ಸುಟ್ಟು, ಒಳಗೆ ಅಂಟು ಹಾಗೇ ಉಳಿಯುತ್ತದೆ. ಪೆಟ್ರೋಲ್ ಟ್ಯಾಂಕ್ ದೋಣಿಯಲ್ಲಿರುವಾಗ ಗನ್ನೂ ಬೇಡ, ಲೈಟರೂ ಬೇಡ. ಟ್ಯಾಂಕ್ ಇಳಿಸಿ ದೂರ ಇಟ್ಟು, ಗಾಳಿಯಾಡಿದ ಮೇಲೆ ಶುರು ಮಾಡಿ.

ಇದರ ಕೊರತೆಗಳೂ ಇವೆ. ಒಮ್ಮೆ ಹಾಕಿದರೆ ಬಿಚ್ಚಲು ಆಗಲ್ಲ, ಕತ್ತರಿಸಿ ಹೊಸದು ಹಾಕಬೇಕು. ಹಾಗಾಗಿ ಪ್ರತಿ ಜಾಯಿಂಟಿಗೂ ವೈರ್ ಸ್ವಲ್ಪ ಉದ್ದ ಬಿಡಿ. ಒಂದೇ ತುದಿಯಲ್ಲಿ ಎರಡು ವೈರ್ ತೂರಿಸಿದರೆ ಅವುಗಳ ನಡುವಿನ ಸಂದಿ ಪೂರ್ತಿ ಮುಚ್ಚಲ್ಲ, ಅಲ್ಲಿಂದ ನೀರು ಇಳಿಯುತ್ತದೆ. ಬೆಲೆಯೂ ಮಾಮೂಲಿ ಸ್ಲೀವಿಗಿಂತ ಹಲವು ಪಟ್ಟು. ಬ್ಯಾಟರಿ ಟರ್ಮಿನಲ್‌ಗೆ ಇದು ಉಪಯೋಗವಿಲ್ಲ. ಅಲ್ಲಿ ಉಜ್ಜಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದರೆ ಸಾಕು. ಬಿಗಿ ಮಾಡಿದ ಮೇಲೆ ಸವರಿ, ಮೊದಲಲ್ಲ.

ಅಗ್ಗವಾಯಿತು ಅಂತ ಕೆಲವರು ಸಿಲಿಕಾನ್ ಟ್ಯೂಬ್ ಮೆತ್ತುತ್ತಾರೆ. ವಿನೆಗರ್ ವಾಸನೆ ಬರುವ ಸಿಲಿಕಾನ್ ಒಣಗುವಾಗ ಆಮ್ಲ ಬಿಡುತ್ತದೆ, ಅದೇ ತಾಮ್ರವನ್ನು ತಿನ್ನುತ್ತದೆ. ಅದರ ಬದಲು ಸುಮ್ನೆ ಬಿಟ್ಟರೇ ವಾಸಿ.

ಸ್ಲೀವ್ ಹಾಕಿದ ದೋಣಿಗಳು ಒಂದು ಮಳೆಗಾಲ ಕಳೆದವು. ಪಂಪಿನ ಹತ್ತಿರದ ಒಂದು ಜಾಯಿಂಟನ್ನು ಬೇಕೆಂದೇ ಕೊಯ್ದು ನೋಡಿದೆ, ತಾಮ್ರ ಹಾಕಿದ ದಿನದ ಬಣ್ಣದಲ್ಲೇ ಇತ್ತು. ಕೊಳ್ಳುವವರು ಬಣ್ಣಬಣ್ಣದ ಡಬ್ಬಿ ಸೆಟ್ ತಗೋಬೇಡಿ, ಅದರಲ್ಲಿ ಸಣ್ಣ ಸೈಜೇ ತುಂಬಿರುತ್ತದೆ. 6.4 ಮತ್ತು 9.5 ಎಂಎಂ ಸೈಜನ್ನು ಬಿಡಿಯಾಗಿ ಮೀಟರ್ ಲೆಕ್ಕದಲ್ಲಿ ಕೇಳಿ. ದುಡ್ಡು ಕೊಡುವ ಮುಂಚೆ ಒಂದು ತುಂಡನ್ನು ಅಂಗಡಿಯಲ್ಲೇ ಬಿಸಿ ಮಾಡಿಸಿ. ತುದಿಯಲ್ಲಿ ಅಂಟು ಕಾಣದಿದ್ದರೆ ವಾಪಸ್ ಕೊಟ್ಟು ಬನ್ನಿ.