ಪೆಸ್ಟ್ ಕಂಟ್ರೋಲ್ ರಿವ್ಯೂ: ಹುಡುಗ ಚೆನ್ನಾಗ್ ಮಾಡ್ದ, ಆದ್ರೆ ಅರ್ಧ ಕೆಲ್ಸ ಓನರ್‌ದು

5ಕ್ಕೆ 4 ಸ್ಟಾರ್. ಬೆಂಗಳೂರು ಗಿರಿನಗರ ಕಡೆ ಇರೋ ಒಂದು ಸಣ್ಣ ಏಜೆನ್ಸಿ, ಹೆಸರು ಹಾಕ್ತಿಲ್ಲ, ಯಾಕಂದ್ರೆ ಬಂದಿದ್ದ ಹುಡುಗ ಹೇಳಿದ ಕೆಲವು ಮಾತು ಅವನ ಮ್ಯಾನೇಜರ್ ಕಿವಿಗೆ ಬಿದ್ರೆ ಅವನಿಗೇ ಕಷ್ಟ.

ನಮ್ದು ಹಳೇ ಬಿಲ್ಡಿಂಗು, ನಾವು ಗ್ರೌಂಡ್ ಫ್ಲೋರಲ್ಲಿ ಬಾಡಿಗೆಗೆ, ಓನರ್ ಮೇಲ್ಗಡೆನೇ ಇದಾರೆ. ಮಳೆಗಾಲ ಶುರುವಾಯ್ತು ನೋಡಿ, ಯುಟಿಲಿಟಿಲಿ ಹೆಗ್ಗಣ, ಸಜ್ಜಾ ಮೇಲೆ ಇಲಿ, ಅಡಿಗೆಮನೇಲಿ ಜಿರಳೆ, ಮೂರೂ ಒಟ್ಟಿಗೆ ಬಂದ್ವು, ವಾಷಿಂಗ್ ಮಷೀನ್ ಪೈಪ್ ಕಡಿದು ಹಾಕಿದ್ಮೇಲೆ ಇನ್ನು ಆಗಲ್ಲ ಅಂತ ಫೋನ್ ಮಾಡಿದ್ದು.

ಬಂದ ಹುಡುಗ ಬ್ಯಾಗ್ ಓಪನ್ನೇ ಮಾಡ್ಲಿಲ್ಲ ಮೊದ್ಲು. ಟಾರ್ಚ್ ಹಿಡ್ಕೊಂಡು ಮಷೀನ್ ಹಿಂದೆ, ಸಿಂಕ್ ಕೆಳಗೆ, ಗೀಸರ್ ಪೈಪ್ ಸುತ್ತ ಎಲ್ಲಾ ನೋಡ್ದ. ಗೋಡೆ ಬುಡದಲ್ಲಿ ಒಂದು ಕಪ್ಪು ಜಿಡ್ಡಿನ ಗೆರೆ ಇತ್ತು, ನಾವು ಕೊಳೆ ಅನ್ಕೊಂಡಿದ್ವಿ, ಅದು ಇಲಿ ದಿನಾ ಗೋಡೆಗೆ ಮೈ ಉಜ್ಕೊಂಡು ಓಡಾಡೋ ದಾರಿಯಂತೆ ಸಾರ್. ಹಿಕ್ಕೆನೂ ತೋರ್ಸಿದ, ಮೆತ್ತಗೆ ಕಪ್ಪಗೆ ಹೊಳೀತಿದ್ರೆ ಹೊಸದು, ಬೂದಿ ಬಣ್ಣಕ್ಕೆ ತಿರುಗಿ ಪುಡಿಯಾದ್ರೆ ಹಳೇದು, ನಮ್ದು ಹೊಸದೇ. ಆಮೇಲೆ ಜೇಬಿಂದ ಪೆನ್ನು ತೆಗೆದು ಡ್ರೈನ್ ಪೈಪ್ ಪಕ್ಕದ ಸಂದಿಗೆ ತೂರಿಸಿ "ಪೆನ್ನು ಹೋದ್ರೆ ಸುಂಡಿಲಿ ಹೋಗುತ್ತೆ ಸಾರ್, ಹೆಬ್ಬೆರಳು ಹೋದ್ರೆ ದೊಡ್ಡಿಲಿನೇ ಹೋಗುತ್ತೆ" ಅಂದ. ನಮ್ಮನೆ ತೂತಲ್ಲಿ ಅವನ ಎರಡು ಬೆರಳು ಆರಾಮಾಗಿ ಹೋಯ್ತು.

ಇನ್ನು ಟ್ರೀಟ್‌ಮೆಂಟು. ಅಡಿಗೆಮನೆಗೆ ಜೆಲ್, ಅಂದ್ರೆ ಜಿರಳೆ ತಿಂದು ಸಾಯೋ ಔಷಧಿ, ಕಬೋರ್ಡ್ ಹಿಂಜ್ ಒಳಗೆ, ಫ್ರಿಡ್ಜ್ ಹಿಂದೆ ಸಾಸಿವೆ ಕಾಳಷ್ಟು ಚುಕ್ಕಿ ಇಟ್ಕೊಂಡ್ ಹೋದ, ಪಾತ್ರೆ ಏನೂ ಖಾಲಿ ಮಾಡ್ಸಿಲ್ಲ, ವಾಸನೇನೂ ಇಲ್ಲ. ಇದಾದ್ಮೇಲೆ ಮೇಲಿಂದ ಸ್ಪ್ರೇ ಹೊಡೀಬೇಡಿ, ಹೊಡೆದ್ರೆ ಜಿರಳೆ ಜೆಲ್ ಹತ್ರ ಬರಲ್ಲ ಅಂದ. ವಾರದೊಳಗೆ ಸತ್ತ ಜಿರಳೆ ಗುಡಿಸಿ ಗುಡಿಸಿ ಸಾಕಾಯ್ತು, ಈಗ ಒಂದೂ ಕಾಣ್ತಿಲ್ಲ. ಇಲಿಗೆ ಒಳಗಡೆ ಪಾಷಾಣ ಇಡಲ್ಲ ಅಂದ್ಬಿಟ್ಟ, ಮನೇಲಿ ಚಿಕ್ಕ ಮಗು ಇದೆ, ಆಮೇಲೆ ಬ್ರೊಮಾಡಯೋಲೋನ್ ಅನ್ನೋ ಇಲಿ ಪಾಷಾಣ ತಿಂದ ಇಲಿ ತಕ್ಷಣ ಸಾಯಲ್ಲ, ಕೆಲವು ದಿನ ಓಡಾಡ್ಕೊಂಡಿದ್ದು ಎಲ್ಲೋ ಸಜ್ಜಾ ಮೂಲೇಲಿ ಸತ್ತು ನಾರುತ್ತೆ. ಹಾಗಾಗಿ ಒಳಗೆ ಬೋನು, ಹೊರಗೆ ಮೋರಿ ಚೇಂಬರ್ ಪಕ್ಕ ಬೀಗ ಇರೋ ಡಬ್ಬಿಯೊಳಗೆ ಪಾಷಾಣ ಬೆರೆಸಿದ ಮೇಣದ ಬಿಲ್ಲೆ. ಅಂಟಿನ ಹಾಳೆ ಇಡಪ್ಪ ಅಂದೆ, ಅದು ಹಿಂಸೆ ಸಾರ್, ಪ್ರಾಣಿ ಕಲ್ಯಾಣ ಮಂಡಳಿಯೋರೂ ಬೇಡ ಅಂದಿದಾರೆ, ನಾನು ತರೋದೇ ಇಲ್ಲ ಅಂದ. ಈ ಒಂದು ಮಾತಿಗೇ ಅರ್ಧ ಸ್ಟಾರ್ ಜಾಸ್ತಿ.

ಔಷಧಿ ವಿಷಯದಲ್ಲಿ ನಾನು ಸ್ವಲ್ಪ ಹೆದರೋನೇ, ಕಾರಣ ಇದೆ. 2022ರ ಆಗಸ್ಟಲ್ಲಿ ಇಲ್ಲೇ ವಸಂತನಗರದಲ್ಲಿ ಬಾಡಿಗೆದಾರರು ಊರಿಗೆ ಹೋಗಿದ್ದಾಗ ಓನರ್ ಮನೆಗೆ ಔಷಧಿ ಹೊಡೆಸಿದ್ರು, ವಾಪಸ್ ಬಂದ ಮೇಲೆ 8 ವರ್ಷದ ಹೆಣ್ಣುಮಗು ಸತ್ತೋಯ್ತು. 2024ರ ನವೆಂಬರಲ್ಲಿ ಚೆನ್ನೈ ಹತ್ರ ಕುಂದ್ರತ್ತೂರಲ್ಲಿ ಪೆಸ್ಟ್ ಕಂಟ್ರೋಲ್‌ನೋರು ಮನೆಯೊಳಗೆ ಇಲಿ ಔಷಧಿ ಇಟ್ಟು ಹೋಗಿದ್ರು, ಎರಡು ಮಕ್ಕಳು ಹೋದ್ವು. ಹಾಗಾಗಿ ಯಾರೇ ಬರ್ಲಿ, ಯಾವ ಔಷಧಿ ಅಂತ ಕೇಳಿ, ಲೈಸೆನ್ಸ್ ಕೇಳಿ, ನಾಚ್ಕೊಳ್ಬೇಡಿ. ಕೀಟನಾಶಕ ನಿಯಮದ ಪ್ರಕಾರ ಈ ಲೈಸೆನ್ಸ್ ತಗೊಳೋರು ಡಿಗ್ರಿ ಓದಿರ್ಬೇಕು, ಜೊತೆಗೆ ಟ್ರೈನಿಂಗ್ ಸರ್ಟಿಫಿಕೇಟೂ ಬೇಕು, ಆ ಟ್ರೈನಿಂಗ್ ಕೊಡೋ ಜಾಗಗಳಲ್ಲಿ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನೂ ಒಂದು. ಓನರ್ ಹೊಡೆಸೋದಾದ್ರೂ ಅಷ್ಟೇ, ಒಳಗೆ ಇರೋರಿಗೆ ಹೇಳದೆ ಕೇಳದೆ ಹೊಡೆಸಬಾರದು, ಎಷ್ಟು ಹೊತ್ತು ಕಿಟಕಿ ತೆಗೆದಿಡ್ಬೇಕು, ಯಾವಾಗ ಒಳಗೆ ಬರಬಹುದು ಅಂತ ಬರೆಸ್ಕೊಳಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಹೋಗೋವಾಗ ಗೇಟ್ ಹತ್ರ ನಿಂತು ಹುಡುಗ ಮೆಲ್ಲಗೆ ಹೇಳಿದ್ದು, "ಸಾರ್, ತೂತು ಮುಚ್ಚದೆ ಎಎಂಸಿ, ಅಂದ್ರೆ ವರ್ಷದ ಕಾಂಟ್ರಾಕ್ಟ್, ತಗೊಂಡ್ರೆ ಪ್ರತಿ ಮೂರು ತಿಂಗಳಿಗೂ ನಾವು ಬರ್ತಾನೇ ಇರ್ತೀವಿ, ಇಲಿನೂ ಬರ್ತಾನೇ ಇರುತ್ತೆ". ಇದೇ ಮ್ಯಾನೇಜರ್‌ಗೆ ಗೊತ್ತಾಗಬಾರದ ಮಾತು!

ಮುಚ್ಚೋರು ಯಾರು? ಓನರ್ ಅಂಕಲ್ ಹತ್ರ ಹೋದೆ. ಎಲ್ಲಾ ಓನರೂ ಹೇಳೋ ಡೈಲಾಗೇ ಬಂತು, "ನೀವು ಬರೋಕ್ ಮುಂಚೆ ಇಲಿನೇ ಇರ್ಲಿಲ್ಲಪ್ಪ". ಅಂಕಲ್, ಪೈಪ್ ಸುತ್ತ ತೂತು ನಾನ್ ಕೊರೆದಿದ್ದಲ್ಲ ಅಲ್ವಾ ಅಂತ ನಗ್ತಾ ನಗ್ತಾನೇ ಹೇಳಿ ಫೋಟೋ ಎಲ್ಲಾ ವಾಟ್ಸಾಪ್‌ಗೆ ಹಾಕ್ದೆ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಅಂತ ಒಂದು ತಂತಲ್ಲ, ರಾಜ್ಯಗಳು ಒಪ್ಕೊಂಡ್ರೆ ಮಾತ್ರ ಜಾರಿ, ಆದ್ರೂ ಅದರ ಕೊನೇಲಿರೋ ಪಟ್ಟಿ ಮಾತಾಡೋಕೆ ಚೆನ್ನಾಗಿದೆ. ಕಟ್ಟಡದ ರಿಪೇರಿ, ಪೈಪ್ ಬದ್ಲಾಯ್ಸೋದು, ವೈರಿಂಗು, ಸುಣ್ಣ ಬಣ್ಣ ಓನರ್‌ದು. ನಲ್ಲಿ ವಾಷರ್, ಮೋರಿ ಕ್ಲೀನ್ ಮಾಡ್ಸೋದು, ಕಿಟಕಿ ಜಾಲರಿ ಬದ್ಲಾಯ್ಸೋದು ಬಾಡಿಗೆದಾರಂದು. ಇಲಿ ಜಿರಳೆ ಅಂತ ಪ್ರತ್ಯೇಕ ಸಾಲು ಇಲ್ಲ, ಜಗಳ ಹುಟ್ಟೋದೇ ಅಲ್ಲಿ. ನನ್ನ ಲೆಕ್ಕ ಸಿಂಪಲ್: ಗೋಡೆ, ಪೈಪು, ಚೇಂಬರ್ ಮುಚ್ಚಳ, ಸಂಪ್, ಕಾಂಪೌಂಡು, ಇವುಗಳಿಂದ ಬರೋದು ಓನರ್ ತಲೆಗೆ, ಸಿಂಕಲ್ಲಿ ರಾತ್ರಿ ಪಾತ್ರೆ ಬಿಟ್ಟು, ಹಸಿ ಕಸ ಗೇಟ್ ಹತ್ರ ಇಟ್ಟು ಕರೆಸ್ಕೊಳೋದು ನಮ್ಮ ತಲೆಗೆ. ಬೀದಿ ಮೋರಿ ಪಾಲಿಕೆದು, ಅದನ್ನ ಕಾಯ್ತಾ ಕೂತ್ರೆ ಆಯ್ತು ಬಿಡಿ.

ಒಂದ್ ಮಾತು ಹೇಳ್ತೀನಿ, ಬೇಕಾದ್ರೆ ಬಿಟ್ಟು ಮುಂದೆ ಓದಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಪೇಟೆ ಜನ ಬಿಟ್ಟು ಓಡಿದ್ಮೇಲೆನೇ ಬಸವನಗುಡಿ, ಮಲ್ಲೇಶ್ವರ ಬೆಳೆದಿದ್ದು. ಅಲ್ಲಿ ಮನೆಗಳ ಹಿಂದೆ ಸಾಲಾಗಿ ಕನ್ಸರ್ವೆನ್ಸಿ ಗಲ್ಲಿ ಬಿಟ್ಟಿದ್ರು, ಕೊಳೆ ಹಿಂದಿಂದಾನೇ ಹೋಗ್ಲಿ ಅಂತ. ನಮ್ಮ ರೋಡಲ್ಲಿ ಎರಡು ಮನೆ ಗೋಡೆ ಮಧ್ಯೆ ಒಬ್ಬ ಗಾರೆಯೋನು ನುಗ್ಗೋಕೂ ಜಾಗ ಇಲ್ಲ, ಹೆಗ್ಗಣಕ್ಕೆ ಮಾತ್ರ ಡಬಲ್ ರೋಡ್.

ಅಂತೂ ಅಂಕಲ್ ಗಾರೆಯೋನ್ನ ಕರೆಸಿದ್ರು. ಬಿಲಕ್ಕೆ ಬರೀ ಸಿಮೆಂಟ್ ತುಂಬಿದ್ರೆ ಹೆಗ್ಗಣ ಮತ್ತೆ ತೋಡುತ್ತೆ ಅಂತ ಅವನು ಗಾಜಿನ ಚೂರು ಬೆರೆಸಿ ತುಂಬ್ದ, ಪೈಪ್ ಸುತ್ತ ಕಬ್ಬಿಣದ ಜಾಲರಿ ಮಡಚಿ ಇಟ್ಟು ಮೇಲೆ ಗಾರೆ, ಒಡೆದಿದ್ದ ಚೇಂಬರ್ ಮುಚ್ಚಳ ಬದ್ಲಾಯ್ಸಿದ, ಬಚ್ಚಲು ಜಾಲಿ ಹೊಸದು. ನಿಜ ಹೇಳ್ಬೇಕಂದ್ರೆ ಸಜ್ಜಾ ಮೇಲಿನ ಸದ್ದು ನಿಂತಿದ್ದು ಇದಾದ್ಮೇಲೇ. ಬೋನಿಗೆ ಎರಡು ಬಿದ್ದಿದ್ವು, ಆಮೇಲೆ ಬೋನು ಖಾಲಿ.

ಒಂದು ಸ್ಟಾರ್ ಕಟ್ ಮಾಡಿದ್ದು ಆಫೀಸ್‌ನೋರಿಗೆ. ಬಿಲ್ ₹2,600, ರೇಟ್ ಬಗ್ಗೆ ತಕರಾರಿಲ್ಲ, ಆದ್ರೆ ಬಿಲ್ಲಲ್ಲಿ ಔಷಧಿ ಹೆಸರೂ ಇಲ್ಲ, ಲೈಸೆನ್ಸ್ ನಂಬರೂ ಇಲ್ಲ, ಕೇಳಿ ಕೇಳಿ ಹಾಕ್ಸಿದ್ದು. ದಿನ ಬೆಳಗಾದ್ರೆ ಎಎಂಸಿ ತಗೊಳಿ ಸಾರ್ ಅಂತ ಫೋನು ಬೇರೆ. ಒನ್ ಟೈಮ್ ಸರ್ವಿಸ್‌ಗೆ ಧೈರ್ಯವಾಗಿ ಕರೆಸಿ, ಎಎಂಸಿ ನಿಮ್ಮ ಬಿಲ್ಡಿಂಗ್ ತೂತು ನೋಡ್ಕೊಂಡು ಯೋಚ್ನೆ ಮಾಡಿ. ಅಪಾರ್ಟ್‌ಮೆಂಟಲ್ಲಿ ಇರೋರು ಒಂದೊಂದ್ ಫ್ಲಾಟಿಗೆ ಮಾಡ್ಸಿದ್ರೆ ದುಡ್ಡು ದಂಡ, ಡಕ್ಟು ಬೇಸ್‌ಮೆಂಟು ಸೇರಿಸಿ ಅಸೋಸಿಯೇಷನ್ ಕಡೆಯಿಂದ ಒಟ್ಟಿಗೆ ಮಾಡ್ಸಿ.

ಬಿಲ್ಲಿನ ಅರ್ಧ ದುಡ್ಡು ಬಾಡಿಗೇಲಿ ಮುರ್ಕೊಳಿ ಅಂದ್ರು ಅಂಕಲ್, ಗಾರೆ ಖರ್ಚು ಪೂರ್ತಿ ಅವರದೇ. ಕಾಂಪೌಂಡ್ ಮೂಲೇಲಿರೋ ಹಳೇ ಟೈಲ್ಸು, ಸೋಗೆ, ಮುರಿದ ಬಾಗಿಲಿನ ರಾಶಿ ಮಾತ್ರ ಹಾಗೇ ಇದೆ, "ಟೈಲ್ಸ್ ಯಾವತ್ತಾದ್ರೂ ಬೇಕಾಗುತ್ತೆ ಇರ್ಲಿ" ಅಂತಾರೆ. ಮುಂದಿನ ಅಗ್ರಿಮೆಂಟಲ್ಲಿ ಪೆಸ್ಟ್ ಕಂಟ್ರೋಲ್ ಬಗ್ಗೆ ಒಂದು ಸಾಲು ಹಾಕ್ಸೋಣ ಅಂತ ಕೇಳಿದೀನಿ, ನೋಡೋಣ ಅಂದಿದಾರೆ.