ದೋಣಿಯಲ್ಲಿ ನಾನೊಬ್ಬನೇ, ಎದುರಿಗೊಂದು ಕ್ಯಾಮೆರಾ: ಎರಡು ವರ್ಷ ಬಳಸಿದ ಮೇಲೆ

ಕ್ಯಾಮೆರಾ ಆಫ್ ಮಾಡಿದ ಕೂಡಲೇ ಮೀನು ಕಚ್ಚುತ್ತದೆ. ಎರಡು ವರ್ಷದಲ್ಲಿ ನನಗೆ ಖಾತ್ರಿಯಾಗಿರುವುದು ಇದೊಂದೇ.

ನನ್ನದು 12 ಅಡಿಯ ಫೈಬರ್ ದೋಣಿ. ಭಾನುವಾರ ಬೆಳಕು ಹರಿಯುವ ಮುಂಚೆ ಗಂಗೊಳ್ಳಿ ಹತ್ತಿರ ಪಂಚಗಂಗಾವಳಿ ನದಿಗೆ ಇಳಿಯುತ್ತೇನೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಕೆಂಬೇರಿ ಮೀನು, ಮರಳಿದ್ದಲ್ಲಿ ಕಾಣೆ ಮೀನು ಸಿಗುತ್ತದೆ. ತಪ್ಪಿಸಿಕೊಂಡ ಮೀನಿನ ಅಳತೆ ಹೇಳಿದರೆ ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ಸಾಕ್ಷಿಗೆ ಅಂತ ಆ್ಯಕ್ಷನ್ ಕ್ಯಾಮೆರಾ, ಅಂದರೆ ಮೈಗೋ ದೋಣಿಗೋ ಕಟ್ಟಿಕೊಳ್ಳುವ ಪುಟ್ಟ ವಿಡಿಯೋ ಕ್ಯಾಮೆರಾ ತಗೊಂಡೆ. ಕಂಪನಿ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಎದೆಗೆ ಕಟ್ಟುವ ಬೆಲ್ಟ್ ಕೊಂಡೆ. ದುಡ್ಡು ದಂಡ. ದೋಣಿಯಲ್ಲಿ ಕೂತರೆ ಅದಕ್ಕೆ ಕಾಣುವುದು ನಮ್ಮ ಮೊಣಕಾಲು ಮಾತ್ರ. ಗಾಳದ ದಾರದ ರೀಲ್ ಸುತ್ತುವಾಗ ಕೈಯೇ ಅಡ್ಡ. ಆಮೇಲೆ ತಲೆಗೆ ಕಟ್ಟಿದೆ. ಆ ವಿಡಿಯೋ ಎರಡು ನಿಮಿಷ ನೋಡಿ ಹೆಂಡತಿ ತಲೆ ಸುತ್ತುತ್ತದೆ ಅಂತ ಎದ್ದು ಹೋದಳು.

ಕೊನೆಗೆ ಕೈಹಿಡಿದದ್ದು ಪ್ಲಂಬರ್ ಅಂಗಡಿಯ ಪಿವಿಸಿ ಪೈಪು. ಮೂರಡಿ ತುಂಡನ್ನು ದೋಣಿಯ ಹಿಂದಿನ ಅಂಚಿಗೆ ಕ್ಲಾಂಪ್ ಹಾಕಿ ನಿಲ್ಲಿಸಿ, ತುದಿಗೆ ಕ್ಯಾಮೆರಾ ಕೂರಿಸಿದೆ. ನನ್ನ ಹೆಗಲು, ಗಾಳದ ರಾಡು, ಎದುರಿನ ನೀರು, ಎಲ್ಲಾ ಒಂದೇ ಚೌಕಟ್ಟಿಗೆ ಬಂತು. ಬಲಗೈಯವರು ಪೈಪನ್ನು ಎಡಕ್ಕೇ ಹಾಕಿ. ನಾನು ಬಲಕ್ಕೆ ಹಾಕಿದ್ದೆ. ಮೊದಲ ಬೀಸಿಗೇ ಗಾಳ ಪೈಪಿಗೆ ಸಿಕ್ಕಿ ಕ್ಯಾಮೆರಾ ನೀರಿಗೆ ಬಿತ್ತು. ಕಿತ್ತಳೆ ಬಣ್ಣದ ತೇಲುವ ಹಿಡಿ ಇತ್ತು, ಬಚಾವ್. ಇಲ್ಲದಿದ್ದರೆ ಕಲ್ಲಿನ ಹಾಗೆ ಮುಳುಗುತ್ತದೆ.

ಬ್ಯಾಟರಿ ಒಂದು ಗಂಟೆ ಬಂದರೆ ಹೆಚ್ಚು. ಕಳೆದ ನವೆಂಬರಿನಲ್ಲಿ ಬ್ಯಾಟರಿ ಬದಲಿಸುತ್ತಾ ಕೂತಿದ್ದೆ. ತೊಡೆಗೆ ಒರಗಿಸಿದ್ದ ರಾಡು ಸರ್ರನೆ ಬಾಗಿತು. ಕೆಂಬೇರಿ! ಕಚ್ಚಿದ ಮರುಕ್ಷಣ ಅದು ಬೇರಿನ ಸಂದಿಗೆ ಓಡುತ್ತದೆ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಬಾಯಿ ತೆರೆದ ಕ್ಯಾಮೆರಾ. ದಾರ ಪಟ್ ಅಂತ ಹೋಯಿತು. ಮೀನೂ ಇಲ್ಲ, ವಿಡಿಯೋನೂ ಇಲ್ಲ.

ಅವತ್ತಿಂದ ಪ್ರೀ ರೆಕಾರ್ಡ್ ಹಾಕಿಡುತ್ತೇನೆ. ಬಟನ್ ಒತ್ತುವುದಕ್ಕೂ ಮೊದಲಿನ ಕೆಲವು ಸೆಕೆಂಡು ಅದರಲ್ಲಿ ಉಳಿಯುತ್ತದೆ. ಬ್ಯಾಟರಿ ತಿನ್ನುತ್ತದೆ ನಿಜ, ಆದರೆ ಮೀನು ಕಚ್ಚಿದ ಗಳಿಗೆ ಸಿಗುತ್ತದೆ. 4ಕೆ ಅನ್ನುವ ಅತಿ ಸ್ಪಷ್ಟ ವಿಡಿಯೋದ ಗೀಳು ಬಿಟ್ಟೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಗಂಟೆಗೆ 45 ಜಿಬಿ ಮೆಮೊರಿ ನುಂಗುತ್ತದೆ. ಫೋನಿನಲ್ಲಿ ನೋಡುವವರಿಗೆ ಅದಕ್ಕಿಂತ ಕಡಿಮೆ ಸ್ಪಷ್ಟತೆಯ 1080 ಧಾರಾಳ.

ಲೆನ್ಸ್ ಮೇಲೆ ಹನಿ ಕೂತರೆ ಬಟ್ಟೆಯಲ್ಲಿ ಉಜ್ಜಬೇಡಿ, ಒಣಗಿದ ಉಪ್ಪು ಗೀರುತ್ತದೆ. ನಾನು ಸಿಹಿನೀರು ಹಾಕಿ ತೊಳೆದು, ಸುಮ್ನೆ ನಾಲಿಗೆಯಲ್ಲಿ ನೆಕ್ಕುತ್ತೇನೆ. ನಗಬೇಡಿ, ಹನಿ ನಿಲ್ಲದೆ ತೆಳುವಾಗಿ ಹರಡಿಕೊಳ್ಳುತ್ತದೆ.

ಈಗ ದೂರು. ಏಪ್ರಿಲ್ ಬಿಸಿಲಲ್ಲಿ ಗಾಳಿ ನಿಂತರೆ ಕ್ಯಾಮೆರಾ ಕಾದು ತಾನೇ ಆಫ್ ಆಗುತ್ತದೆ. ಒದ್ದೆ ಟವೆಲ್ ಹೊದಿಸಿ ಕಾಯಬೇಕು. 10 ಮೀಟರ್ ಆಳದವರೆಗೆ ನೀರು ಹೋಗಲ್ಲ ಅಂತ ಡಬ್ಬಿ ಮೇಲೆ ಬರೆದಿತ್ತು. ವರ್ಷ ತುಂಬುವ ಮೊದಲೇ ಮೈಕ್ ಕೆಟ್ಟಿತು. ಸರ್ವಿಸ್‌ನವರು ಒಳಗೆ ನೀರು ಹೋಗಿದೆ, ವಾರಂಟಿ ಇಲ್ಲ ಅಂದರು. ಹಾಗಾದರೆ ಆ ಬರಹ ಯಾಕೆ? ಬ್ಯಾಟರಿ ಬಾಗಿಲಿನ ರಬ್ಬರಿಗೆ ಮರಳಿನ ಕಾಳು ಅಂಟಿತ್ತು ಅನ್ನುವುದನ್ನು ನಾನೂ ಒಪ್ಪಬೇಕು. ಈಗ ಪ್ರತಿ ಸಲ ಹಳೇ ಟೂತ್‌ಬ್ರಶ್‌ನಿಂದ ಅದನ್ನು ಉಜ್ಜುತ್ತೇನೆ.

ಇನ್ನೊಂದು. ಕ್ಯಾಮೆರಾ ಸರಿ ಮಾಡಲು ಓಡುವ ದೋಣಿಯಲ್ಲಿ ಎದ್ದು ನಿಲ್ಲಬೇಡಿ. ನಾನು ನಿಂತು ನದಿಗೆ ಬಿದ್ದೇಬಿಡುತ್ತಿದ್ದೆ. ಒಬ್ಬರೇ ಹೋದಾಗ ಎತ್ತುವವರು ಯಾರೂ ಇರಲ್ಲ ಅಲ್ವಾ? ಲಂಗರು ಹಾಕಿದ ಮೇಲೆ ಕೂತೇ ಮಾಡಿ, ಲೈಫ್ ಜಾಕೆಟ್ ಬಿಚ್ಚಬೇಡಿ.

ಹೊಸಬರು ಹಳೇ ಮಾಡೆಲ್ ತಗೊಂಡು, ಉಳಿದ ದುಡ್ಡಿಗೆ ಎರಡು ಬ್ಯಾಟರಿ ಜಾಸ್ತಿ ಇಟ್ಟುಕೊಳ್ಳಿ. ನನ್ನ ಕ್ಯಾಮೆರಾಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಹೊಸ ಮಾಡೆಲ್ ಬಂದಿದೆ ಅಂತ ಮಗ ದಿನಾ ತೋರಿಸುತ್ತಾನೆ. ಆ ದುಡ್ಡಿಗೆ ಒಳ್ಳೆಯ ರೀಲ್ ಬರುತ್ತದೆ ಮಾರಾಯ.