22, 29, 36: ಅಂಗಳದಲ್ಲೇ ಗಾಳಿ ಹಾಕುವ ಬ್ಯಾಟರಿ ಪಂಪು, ಎರಡು ಮಳೆಗಾಲ ಕಳೆದ ಮೇಲೆ

ಒಂದು ಕೈಯಲ್ಲಿ ಹಿಡಿಯುವಷ್ಟು ಸಣ್ಣದಾದ, ಚಾರ್ಜ್ ಮಾಡಿ ಬಳಸುವ ಗಾಳಿ ಪಂಪಿನ ವಿಮರ್ಶೆ ಇದು. ಬಳಸಿದ್ದು 110 ಸಿಸಿಯ ಒಂದು ಮತ್ತು 125 ಸಿಸಿಯ ಒಂದು ಸ್ಕೂಟರಿಗೆ. ಓಡಾಟ ದಿನಾ ಸುರತ್ಕಲ್‌ನಿಂದ ಮಂಗಳೂರು ಪೇಟೆಗೆ, ಆಗಾಗ ಉಡುಪಿಗೆ. ಕಂಪೆನಿಯ ಹೆಸರು ಬೇಡ. ಈ ನಮೂನೆಯ ಪಂಪುಗಳೆಲ್ಲ ಹೆಚ್ಚುಕಡಿಮೆ ಒಂದೇ ತರ ಕೆಲಸ ಮಾಡುತ್ತವೆ, ಒಂದೇ ತರ ಕೈಕೊಡುತ್ತವೆ.

ಪಂಚರ್ ಆದಾಗ ದಾರಿಯಲ್ಲಿ ಉಪಕಾರಕ್ಕೆ ಬರುತ್ತದೆ ಅಂತ ಡಬ್ಬದ ಮೇಲೆ ಚಿತ್ರ ಉಂಟು. ಅದಕ್ಕೇ ಅಂತ ಕೊಳ್ಳುವುದಾದರೆ ದುಡ್ಡು ದಂಡ. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟಯರ್ ತಣ್ಣಗಿರುವಾಗ, ಮನೆಯ ಅಂಗಳದಲ್ಲೇ ಗಾಳಿ ನೋಡಿ ಸರಿ ಮಾಡಬಹುದು. ಇದರ ನಿಜವಾದ ಲಾಭ ಅದೊಂದೇ.

ತಣ್ಣಗೆ ಅಂದರೆ ಗಾಡಿ ನಿಂತು ಕಡಿಮೆಯೆಂದರೂ ಮೂರು ಗಂಟೆ ಆಗಿರಬೇಕು, ಬಿಸಿಲಿಗೆ ನಿಂತಿರಬಾರದು. ಎಷ್ಟು ಗಾಳಿ ಹಾಕಬೇಕು ಅಂತ ಗಾಡಿಯ ಸ್ಟಿಕ್ಕರಿನಲ್ಲಿ ಬರೆದ ಅಂಕೆ ಅಂಥ ಟಯರಿನದ್ದು. ಉಡುಪಿಯಿಂದ ಹೆದ್ದಾರಿ 66ರಲ್ಲಿ ಬಿಡದೆ ಓಡಿಸಿಕೊಂಡು ಬಂದು, ಕೂಳೂರು ದಾಟಿ ಬಂಕಿಗೆ ಹೊಕ್ಕರೆ ಟಯರಿನ ಒಳಗಿನ ಗಾಳಿ ಬೆಳಿಗ್ಗೆಗಿಂತ 20–25 ಡಿಗ್ರಿ ಬಿಸಿಯಾಗಿರಬಹುದು. 29 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವ ಟಯರಿನಲ್ಲಿ ಪ್ರತಿ 10 ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಅಲ್ಲಿ ಮೀಟರು 32, 33 ತೋರಿಸುತ್ತದೆ. "ಜಾಸ್ತಿ ಉಂಟಣ್ಣ, ಬಿಡ್ಲಾ?" ಅಂತ ಗಾಳಿ ಹಾಕುವ ಹುಡುಗ ಕೇಳುತ್ತಾನೆ, ಹೂಂ ಅಂದರೆ 29ಕ್ಕೆ ಇಳಿಸುತ್ತಾನೆ. ಮರುದಿನ ಬೆಳಿಗ್ಗೆ ಅದೇ ಟಯರಿನಲ್ಲಿ ಉಳಿಯುವುದು 26. ಅವನು ತಪ್ಪು ಮಾಡಲಿಲ್ಲ, ಮೀಟರೂ ಸುಳ್ಳು ಹೇಳಲಿಲ್ಲ, ಅಳತೆ ತೆಗೆದ ಹೊತ್ತು ಸರಿ ಇರಲಿಲ್ಲ ಅಷ್ಟೆ. ಬಂಕಿನಲ್ಲಿ ಗಾಳಿ ಧರ್ಮಕ್ಕೇ ಸಿಗುತ್ತದಲ್ಲ, ಪಂಪು ಯಾಕೆ ಎಂಬವರಿಗೆ ಇದೇ ಉತ್ತರ. ಬಂಕ್ ಮನೆಯಿಂದ ಅರ್ಧ ಕಿಲೋಮೀಟರ್ ಒಳಗೆ ಇದ್ದರೆ ಬೇರೆ ಮಾತು, ಅಷ್ಟು ದೂರಕ್ಕೆ ಟಯರ್ ಬಿಸಿಯಾಗುವುದಿಲ್ಲ.

ಇನ್ನು ಎಷ್ಟು ಹಾಕಬೇಕು ಎಂಬುದು. 110, 125 ಸಿಸಿ ಸ್ಕೂಟರುಗಳಲ್ಲಿ ಹೆಚ್ಚಾಗಿ ಕಾಣುವ ಲೆಕ್ಕ: ಮುಂದೆ 22, ಹಿಂದೆ ಒಬ್ಬರೇ ಹೋಗುವುದಾದರೆ 29, ಇಬ್ಬರಾದರೆ 36. ಏಳೇಳು ಬಿಟ್ಟು ಬರುವ ಈ ಅಂಕೆಗಳು ಎಲ್ಲಿಂದ ಬಂದವು ಎಂಬುದು ಪಂಪಿನ ಯೂನಿಟ್ ಬಟನ್ ಒತ್ತಿದರೆ ಗೊತ್ತಾಗುತ್ತದೆ. ಅವು 150, 200, 250 ಕಿಲೊಪ್ಯಾಸ್ಕಲ್, ಅಂದರೆ 1.5, 2, 2.5 ಬಾರ್. ಪಂಪನ್ನು ಬಾರ್‌ನಲ್ಲಿ ಇಟ್ಟುಕೊಂಡರೆ ಮನೆಯಲ್ಲಿ ಯಾರು ಬಳಸಿದರೂ ಮರೆಯುವುದಿಲ್ಲ. ಕೆಲವು ಕೈಪಿಡಿಗಳಲ್ಲಿ ಕೆಜಿ ಲೆಕ್ಕ ಇರುತ್ತದೆ. ಚದರ ಸೆಂಟಿಮೀಟರಿಗೆ 1 ಕೆಜಿ ಅಂದರೆ 14.2 ಪಿಎಸ್‌ಐ, ಬಾರ್‌ಗೂ ಅದಕ್ಕೂ ವ್ಯತ್ಯಾಸ ಲೆಕ್ಕಕ್ಕಿಲ್ಲ. ಆದರೆ ಎಲ್ಲ ಮಾಡೆಲ್‌ಗೂ ಇದೇ ಅಂಕೆ ಅಂದುಕೊಳ್ಳಬೇಡಿ, ನಿಮ್ಮ ಗಾಡಿಯ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಇರುವುದೇ ಅಂತಿಮ.

ಟಯರಿನ ಬದಿಯಲ್ಲಿ ಅಚ್ಚು ಹಾಕಿದ ಅಂಕೆಯನ್ನು ನೋಡಿ ಗಾಳಿ ಹಾಕುವವರೂ ಇದ್ದಾರೆ. ಅದು ಆ ಟಯರ್ ತಡೆದುಕೊಳ್ಳುವ ಗರಿಷ್ಠ ಒತ್ತಡ, ನಿಮ್ಮ ಗಾಡಿಗೆ ಬೇಕಾದದ್ದಲ್ಲ. 90/100-10 53ಜೆ ಅಂತ ಇದ್ದರೆ 53 ಅಂದರೆ ಆ ಟಯರ್ ಹೊರಬಲ್ಲ ಭಾರ 206 ಕೆಜಿ, ಜೆ ಅಂದರೆ ಗಂಟೆಗೆ 100 ಕಿಲೋಮೀಟರಿನ ಮಿತಿ. ಎಷ್ಟು ಗಾಳಿ ಎಂಬುದು ಅದರಲ್ಲಿ ಇಲ್ಲ.

ನಮ್ಮ ಕಡೆ ಹೆಚ್ಚಾಗಿ ಆಗುವ ತಪ್ಪು ಮುಂದೆಯೂ 30, ಹಿಂದೆಯೂ 30 ಹಾಕುವುದು. ಸ್ಕೂಟರಿನ ಎಂಜಿನ್, ಬೆಲ್ಟಿನ ಪೆಟ್ಟಿಗೆ, ಸವಾರನ ಭಾರ ಎಲ್ಲ ಹಿಂದಿನ ಚಕ್ರದ ಬದಿಗೆ ವಾಲಿರುತ್ತವೆ. ಮುಂದಿನ ಟಯರಿಗೆ ಭಾರವೇ ಕಡಿಮೆ, ಅದಕ್ಕೆ 30 ಹಾಕಿದರೆ ಚೆಂಡಿನ ಹಾಗೆ ಪುಟಿಯುತ್ತದೆ, ರಸ್ತೆಗೆ ತಾಗುವ ಜಾಗ ಕಿರಿದಾಗುತ್ತದೆ. ಪಾಚಿ ಹಿಡಿದ ಇಂಟರ್‌ಲಾಕ್ ಮೇಲೆ ಮುಂದಿನ ಬ್ರೇಕ್ ಹಿಡಿದಾಗ ಚಕ್ರ ಸರ್ರಂತ ಜಾರುವುದು ಇಂಥ ಟಯರಿನಲ್ಲೇ ಹೆಚ್ಚು. ಅದೇ 30 ಹಿಂದೆ, ಇಬ್ಬರು ದೊಡ್ಡವರು ಕೂತು ಕಾಲ ಬಳಿ ಅಕ್ಕಿಚೀಲ ಇಟ್ಟರೆ ಸಾಕಾಗುವುದಿಲ್ಲ. ಟಯರಿನ ಗೋಡೆ ಮಡಚಿಕೊಂಡು ಬಿಸಿಯಾಗುತ್ತದೆ, ಅಂಚು ಸವೆಯುತ್ತದೆ, ಹೊಂಡಕ್ಕೆ ಬಿದ್ದಾಗ ರಿಮ್ಮಿಗೇ ಪೆಟ್ಟು. ಹಾಗಂತ ಒಬ್ಬರೇ ಹೋಗುವಾಗ ಸದಾ 36 ಇಟ್ಟುಕೊಂಡರೆ ಟಯರ್ ನಟ್ಟನಡುವೆ ಸವೆದು ಚಪ್ಪಟೆಯಾಗುತ್ತದೆ, ಹಿಂದಿನ ಬ್ರೇಕ್ ಹಿಡಿದಲ್ಲೆಲ್ಲ ಚಕ್ರ ಲಾಕ್ ಆಗುತ್ತದೆ. ಹಿಂಬದಿಯಲ್ಲಿ ಶಾಲೆಗೆ ಹೋಗುವ ಮಗು ಮಾತ್ರ ಇದ್ದರೆ 32 ಸಾಕು ಎಂಬುದು ನನ್ನ ಅಭಿಪ್ರಾಯ, ಕೈಪಿಡಿ ಅಂಥ ನಡುವಿನ ಅಂಕೆ ಕೊಡುವುದಿಲ್ಲ.

ಪಂಪು ಇಲ್ಲಿ ಕೆಲಸಕ್ಕೆ ಬರುತ್ತದೆ. 10 ಇಂಚಿನ ಟಯರಿನ ಒಳಗೆ ಹಿಡಿಯುವ ಜಾಗ ಐದಾರು ಲೀಟರ್ ಅಷ್ಟೆ, ಹಾಗಾಗಿ 22ರಿಂದ 29ಕ್ಕೆ ಏರಲು ಅರ್ಧ ನಿಮಿಷವೂ ಬೇಡ. ಪೂರ್ತಿ ಚಪ್ಪಟೆಯಾದ ಟಯರಿಗೆ ಒಂದೂವರೆ ನಿಮಿಷ. ಕಾರಿನ ಟಯರಿಗೆ ಇದೇ ಪಂಪು ಹಚ್ಚಿದರೆ ಹೋಸಿನ ತುದಿ ಮುಟ್ಟಲಾಗದಷ್ಟು ಕಾಯುತ್ತದೆ.

ಮುಂದಿನ ಚಕ್ರ ಸುಲಭ. ಹಿಂದಿನದ್ದರಲ್ಲಿ ಉಂಟು ಕಷ್ಟ. ವಾಲ್ವ್ ಬಲಬದಿಗೆ ಇರುವ ಸ್ಕೂಟರಿನಲ್ಲಿ ಸೈಲೆನ್ಸರ್ ಅಡ್ಡ ಬರುತ್ತದೆ, ತಿರುಗಿಸಿ ಕೂರಿಸುವ ಹೋಸಿನ ತುದಿಗೆ ಬೆರಳು ಹೋಗುವಷ್ಟೂ ಜಾಗ ಇರುವುದಿಲ್ಲ. ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಕೈಯಲ್ಲಿ ಚಕ್ರ ತಿರುಗಿಸಿ, ವಾಲ್ವ್ ಸೈಲೆನ್ಸರಿನಿಂದ ಬಿಟ್ಟು ಹಿಂದೆ ತೋರುವಲ್ಲಿ ನಿಲ್ಲಿಸಬೇಕು. ಮೊದಲು ಎರಡು ಸುತ್ತು ನಿಧಾನಕ್ಕೆ, ತಿರುಪಿನ ನೂಲು (ಥ್ರೆಡ್) ಸರಿ ಕೂತಿದೆ ಅನ್ನಿಸಿದ ಮೇಲೆ ಉಳಿದದ್ದು ಬೇಗ. ಅಡ್ಡ ಕೂತರೆ ಹಿತ್ತಾಳೆಯ ನೂಲು ಕಿತ್ತುಹೋಗುತ್ತದೆ, ಆಮೇಲೆ ವಾಲ್ವೇ ಬದಲಿಸಬೇಕು. ಬಾಗಿದ ಎಲ್ ಆಕಾರದ ಅಡಾಪ್ಟರ್ ಸಿಗುತ್ತದೆ, ಗಾಳಿ ಹಾಕುವಾಗ ಮಾತ್ರ ಸಿಕ್ಕಿಸಿ ಮತ್ತೆ ತೆಗೆಯಿರಿ. ಅಲ್ಲೇ ಬಿಟ್ಟರೆ ಚಕ್ರ ತಿರುಗುವಾಗಿನ ಎಳೆತಕ್ಕೆ ಅದರ ಸಂದಿನಲ್ಲಿ ಗಾಳಿ ಸೋರಲು ಸುರುವಾಗುತ್ತದೆ.

ಅಂಕೆಯ ವಿಷಯದಲ್ಲಿ ಪಂಪನ್ನು ಪೂರ್ತಿ ನಂಬಬೇಡಿ. 29ಕ್ಕೆ ಸೆಟ್ ಮಾಡಿದರೆ ಟಕ್ ಅಂತ ನಿಲ್ಲುತ್ತದೆ, ಪರದೆಯಲ್ಲಿ 29 ಅಂತಲೇ ಇರುತ್ತದೆ. ಹೋಸು ಬಿಚ್ಚಿ ಬೇರೆ ಗೇಜಿನಲ್ಲಿ ನೋಡಿದರೆ 28 ಅಥವಾ ಇನ್ನೂ ಸ್ವಲ್ಪ ಕೆಳಗೆ. ಓಡುತ್ತಿರುವಾಗ ಹೋಸಿನ ಒಳಗಿನ ಒತ್ತಡ ಟಯರಿನದ್ದಕ್ಕಿಂತ ತುಸು ಹೆಚ್ಚಿರುವುದು ಒಂದು ಕಾರಣ, ಬಿಚ್ಚುವಾಗ ಉಸ್ಸೆಂದು ಹೋಗುವ ಗಾಳಿ ಇನ್ನೊಂದು. ಕಾರಿನ ಟಯರಿನಲ್ಲಿ ಆ ಉಸ್ಸಿಗೆ ಬೆಲೆ ಇಲ್ಲ, ಐದಾರು ಲೀಟರಿನ ಟಯರಿನಲ್ಲಿ ಉಂಟು. ಪೆನ್ನಿನ ಆಕಾರದ ಒಂದು ಗೇಜ್ ಜೊತೆಗೆ ಕೊಂಡು, ನಿಮ್ಮ ಪಂಪಿಗೆ ಎಷ್ಟು ವ್ಯತ್ಯಾಸ ಅಂತ ನಾಲ್ಕೈದು ಸಲ ನೋಡಿ, ಅಷ್ಟನ್ನು ಸೇರಿಸಿ ಸೆಟ್ ಮಾಡುವುದು. ಈ ಪಂಪಿನಲ್ಲಿ ಒಂದು ಪಿಎಸ್‌ಐ ಜಾಸ್ತಿ ಇಟ್ಟರೆ ಸರಿ ಬರುತ್ತದೆ, ಮೊದಲ ದಿನದಿಂದ ಇವತ್ತಿನವರೆಗೂ ಅಷ್ಟೇ. ತಪ್ಪು ತೋರಿಸಿದರೂ ಪ್ರತಿ ಸಲ ಒಂದೇ ತಪ್ಪು ತೋರಿಸುವ ಮೀಟರಿನೊಟ್ಟಿಗೆ ಬದುಕಬಹುದು ಮಾರಾಯ್ರೆ. ಗಾಳಿ ಇಳಿಸಲು ಪಂಪಿಗೆ ಬರುವುದಿಲ್ಲ, 36ರಿಂದ 29ಕ್ಕೆ ಬರಬೇಕಾದರೆ ವಾಲ್ವಿನ ನಡುವಿನ ಕಡ್ಡಿಯನ್ನು ಒತ್ತಿ ಬಿಡಬೇಕು.

ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿಯುವುದು ಸಹಜ. ವಾರಕ್ಕೇ ಮೂರು ನಾಲ್ಕು ಇಳಿದರೆ ಹುಡುಕಬೇಕು. ಮೊದಲು ಪಂಚರ್ ಅಂಗಡಿಯವರ ವಿದ್ಯೆ: ಬೆರಳ ತುದಿಗೆ ಉಗುಳು ಮಾಡಿಕೊಂಡು ವಾಲ್ವಿನ ಬಾಯಿಗೆ ಹಚ್ಚಿ ನೋಡುವುದು. ಪದರ ಉಬ್ಬಿ ಗುಳ್ಳೆಯಾಗಿ ಒಡೆದರೆ ಒಳಗಿನ ಕೋರ್ (ಗಾಳಿ ತಡೆಯುವ ಸಣ್ಣ ಪಿನ್ನು) ಸಡಿಲ, ಇಲ್ಲವೇ ಅದರಲ್ಲಿ ಕೆಂಪು ಮಣ್ಣಿನ ಹುಡಿ ಕೂತಿದೆ. ಕೋರ್ ತಿರುಗಿಸುವ ಸಣ್ಣ ಕೀಲಿಯಲ್ಲಿ ಕಾಲು ಸುತ್ತು ಬಿಗಿ ಮಾಡಿ ನೋಡಿ. ಜೋರು ಮಾಡಿದರೆ ಅದರ ರಬ್ಬರೇ ಹರಿಯುತ್ತದೆ. ಕ್ಯಾಪ್ ಕಳೆದುಹೋದರೆ ಆ ದಿನವೇ ಹೊಸತು ಹಾಕಿ, ಮಣ್ಣು ಒಳಹೋಗದಂತೆ ತಡೆಯುವುದು ಅದೇ.

ವಾಲ್ವ್ ಸರಿ ಇದ್ದೂ ಇಳಿಯುತ್ತಿದ್ದರೆ ಕರಾವಳಿಯಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಕಬ್ಬಿಣದ ರಿಮ್ಮನ್ನು. ಪಣಂಬೂರು, ಮಲ್ಪೆ ಬದಿಯ ಉಪ್ಪುಗಾಳಿಗೆ, ನಾಲ್ಕು ತಿಂಗಳು ಒಣಗದ ಒದ್ದೆಗೆ ಟಯರಿನ ಅಂಚು ರಿಮ್ಮಿಗೆ ಕೂರುವ ಜಾಗದಲ್ಲೇ ತುಕ್ಕು ಎದ್ದು ಪೇಂಟ್ ಹೊಪ್ಪಳೆ ಬರುತ್ತದೆ. ಟ್ಯೂಬ್‌ಲೆಸ್ ಟಯರಿಗೆ ಅಲ್ಲಿ ನಯವಾದ ರಿಮ್ ಬೇಕು, ಇಲ್ಲದಿದ್ದರೆ ಗಾಳಿ ಮೆಲ್ಲನೆ ಹೋಗುತ್ತಲೇ ಇರುತ್ತದೆ. ಸೋಪಿನ ನೀರನ್ನು ರಿಮ್ಮಿನ ಸುತ್ತ ಎರಡೂ ಬದಿಗೆ ಹೊಯ್ದು ಐದು ನಿಮಿಷ ಕಾದರೆ ಸಾಸಿವೆಯಷ್ಟು ಸಣ್ಣ ನೊರೆ ಸಾಲಾಗಿ ಕಾಣುತ್ತದೆ. ಟಯರ್ ಬಿಚ್ಚಿಸಿ, ತಂತಿ ಬ್ರಶ್ಶು ಮತ್ತು ಎಮರಿ ಕಾಗದದಲ್ಲಿ ಉಜ್ಜಿ, ರಿಮ್ಮಿಗೆ ಪೇಂಟ್ ಹೊಡೆಸಿ ಒಣಗಿಸಿ ಕೂರಿಸಬೇಕು. ಬಿಚ್ಚಿದಾಗ ರಬ್ಬರ್ ವಾಲ್ವನ್ನೂ ಹೊಸತು ಹಾಕಿಸಿ, ಬುಡದಲ್ಲಿ ಬಿರುಕು ಬಿಟ್ಟಿರುತ್ತದೆ. ಇದನ್ನು ಬಿಟ್ಟು ಒಳಗೆ ಸೀಲಂಟ್ ಎಂಬ ಸೋರಿಕೆ ಮುಚ್ಚುವ ಅಂಟು ಹೊಯ್ಯುವುದು ಸುಲಭದ ದಾರಿ, ಆದರೆ ಆ ಅಂಟು ಪಂಪಿನ ಹೋಸಿಗೂ ಬರುತ್ತದೆ. ಸೀಲಂಟ್ ಇರುವ ಟಯರಾದರೆ ವಾಲ್ವನ್ನು ಮೇಲ್ಬದಿಗೆ ತಂದು ಸ್ವಲ್ಪ ಹೊತ್ತು ಬಿಟ್ಟು ಹೋಸು ಹಚ್ಚಿ. ಕೆಳಗಿದ್ದಾಗ ಹಚ್ಚಿದರೆ ಗೇಜ್ ಒಳಗೆಲ್ಲ ಹಸಿರು ಲೋಳೆ.

ಮಳೆಗಾಲದಲ್ಲಿ ಗಾಳಿ ಎರಡು ಮೂರು ಕಡಿಮೆ ಇಟ್ಟರೆ ಹಿಡಿತ ಚೆನ್ನಾಗಿರುತ್ತದೆ ಎಂಬ ಮಾತು ಇಲ್ಲಿ ಎಲ್ಲ ಕಡೆ ಉಂಟು. ಕೆಸರಿನ ದಾರಿಗೆ ಸ್ವಲ್ಪ ಮಟ್ಟಿಗೆ ಹೌದು. ಡಾಂಬರು, ಕಾಂಕ್ರೀಟಿನ ಮೇಲೆ ಅಲ್ಲ: ಗಾಳಿ ಕಡಿಮೆಯಾದ ಟಯರಿನ ನಡುಭಾಗ ಒಳಕ್ಕೆ ಬಾಗಿ ಗೀರುಗಳು ಮುಚ್ಚಿಕೊಳ್ಳುತ್ತವೆ, ನೀರು ಹೊರಹೋಗಲು ದಾರಿ ಇರುವುದಿಲ್ಲ. ಜೊತೆಗೆ ನೀರು ತುಂಬಿ ಕಾಣದ ಹೊಂಡಗಳ ಕಾಲ ಅದು, ರಿಮ್ ಬಗ್ಗಿಸಿಕೊಳ್ಳುವ ಕಾಲ. ಸ್ಟಿಕ್ಕರಿನ ಅಂಕೆಯನ್ನೇ ಇಟ್ಟುಕೊಂಡು ಟಯರಿನ ಗೀರು ಸವೆದಿದೆಯಾ ಅಂತ ಮೇ ತಿಂಗಳಲ್ಲೇ ನೋಡುವುದು ಲೇಸು. ಆಗುಂಬೆ ಘಾಟಿ ಹತ್ತುವಾಗಲೂ ಬದಲಿಸಬೇಕಾಗಿಲ್ಲ. ಆರುನೂರು ಮೀಟರಿನ ಎತ್ತರಕ್ಕೆ ಗೇಜಿನಲ್ಲಿ ಒಂದು ಪಿಎಸ್‌ಐ ಏರುತ್ತದೆ, ಮೇಲಿನ ತಂಪು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಳಿಸಿಬಿಡುತ್ತದೆ. ಟಯರಿಗೆ ನೈಟ್ರೋಜನ್ ತುಂಬಿಸಲು ದುಡ್ಡು ಕೊಡಬೇಕಾ ಎಂದರೆ, ಬರೀ ಗಾಳಿಯಲ್ಲೇ ಅದು ನೂರಕ್ಕೆ 78 ಪಾಲು ಉಂಟು.

ಪಂಪಿನ ದೋಷಗಳು. ಸೀಟಿನ ಅಡಿ ಇಟ್ಟುಕೊಳ್ಳಿ ಎಂಬಂತೆ ಅದರ ಚೀಲ ಹೊಲಿದಿದ್ದಾರೆ, ಅಲ್ಲಿಡಬೇಡಿ. ಕೆಳಗೆ ಎಂಜಿನ್ನಿನ ಕಾವು, ಮೇಲೆ ಬಿಸಿಲು, ಲಿಥಿಯಂ ಬ್ಯಾಟರಿಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಜೂನ್ ಬಂದರೆ ಸೀಟಿನ ಅಂಚಿನಿಂದ ನೀರೂ ಇಳಿಯುತ್ತದೆ. ಚಾರ್ಜಿಂಗ್ ತೂತಿನ ಪಿನ್ನುಗಳಿಗೆ ಮೊದಲ ಮಳೆಗಾಲದಲ್ಲೇ ಹಸಿರು ಕಿಲುಬು ಹಿಡಿಯಿತು, ಹಲ್ಲುಜ್ಜುವ ಬ್ರಶ್ಶಿನಲ್ಲಿ ಸ್ಪಿರಿಟ್ ಹಾಕಿ ತಿಕ್ಕಿದ ಮೇಲೆ ಚಾರ್ಜ್ ತೆಗೆದುಕೊಂಡಿತು. ಈಗ ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಹೊಸ ಚಪ್ಪಲಿಯ ಡಬ್ಬದಲ್ಲಿ ಬರುವ ಆ ಸಿಲಿಕಾ ಪೊಟ್ಟಣಗಳೊಟ್ಟಿಗೆ ಇದೆ. ಎರಡು ತಿಂಗಳಿಗೊಮ್ಮೆ ಚಾರ್ಜ್ ಮಾಡದಿದ್ದರೆ ಬೇಕಾದ ದಿನ ಏಳುವುದಿಲ್ಲ. ಹೊಸತರಲ್ಲಿ ಒಂದು ಚಾರ್ಜಿಗೆ ಎರಡೂ ಸ್ಕೂಟರಿಗೆ ಎರಡು ತಿಂಗಳು ಬರುತ್ತಿತ್ತು, ಈಗ ಒಂದೂವರೆ ತಿಂಗಳಾಗುವಾಗಲೇ ಸುಸ್ತು. ಶಬ್ದವಂತೂ ಬೆಳಿಗ್ಗೆ ಆರು ಗಂಟೆಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಹಾಕಿದರೆ ಮೇಲಿನ ಮಹಡಿಯವರೂ ಕಿಟಕಿಯಿಂದ ಇಣುಕುವಷ್ಟು.

ಪಂಚರ್ ವಿಷಯ: ಟ್ಯೂಬ್‌ಲೆಸ್ ಟಯರಿಗೆ ಮೊಳೆ ಹೊಕ್ಕು ಮೆಲ್ಲನೆ ಇಳಿಯುತ್ತಿದ್ದರೆ ಮೊಳೆ ಕೀಳದೆ ಗಾಳಿ ತುಂಬಿಸಿ ಅಂಗಡಿಯವರೆಗೆ ಹೋಗಬಹುದು. ಟ್ಯೂಬ್ ಇರುವ ಹಳೆ ಗಾಡಿಯಾದರೆ ಪಂಪು ಎಷ್ಟು ಹೊಡೆದರೂ ನಿಲ್ಲುವುದಿಲ್ಲ.

ಒಂದೇ ಸ್ಕೂಟರ್ ಇದ್ದು, ಒಬ್ಬರೇ ಓಡಾಡುವವರಿಗೆ ಒಳ್ಳೆಯ ಗೇಜೂ ಕಾಲಲ್ಲಿ ತುಳಿಯುವ ಪಂಪೂ ಸಾಕು. ಅದಕ್ಕೆ ಬ್ಯಾಟರಿ ಇಲ್ಲ, ಕಿಲುಬಿನ ತಾಪತ್ರಯವೂ ಇಲ್ಲ, 22ರಿಂದ 29ಕ್ಕೆ ಇಪ್ಪತ್ತು ಮೂವತ್ತು ತುಳಿತ. ಮನೆಯಲ್ಲಿ ಎರಡು ಗಾಡಿ, ಹಿಂಬದಿ ಸವಾರರ ಲೆಕ್ಕ ವಾರಕ್ಕೊಂದು ತರ ಅಂತಾದರೆ ಇದು ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಕೊಂಡ ದಿನವೇ ಹೋಸಿನ ತುದಿಯ ಒಳಗಿನ ಕಪ್ಪು ರಬ್ಬರ್ ವಾಷರನ್ನು ನೋಡಿಟ್ಟುಕೊಳ್ಳಿ. ಅದು ಸವೆದಾಗ ಪಂಪು ಓಡುತ್ತಲೇ ಇರುತ್ತದೆ, ಅಂಕೆ ಮಾತ್ರ ಏರುವುದಿಲ್ಲ, ಮೋಟಾರ್ ಹೋಯಿತು ಅಂತ ಎಸೆಯುವವರು ಇದ್ದಾರೆ. ಈ ಪಂಪಿನಲ್ಲಿ ಒಮ್ಮೆ ಬದಲಿಸಿಯಾಯಿತು, ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ವಾಷರು ಚಿಲ್ಲರೆ ದುಡ್ಡಿಗೆ ಸಿಕ್ಕಿತು.